ಕೊಡೆ ಬಿಚ್ಚಿ ನಿಲ್ಲುವ ಕಾರು

ಮರದ ಡಿಪೋದಲ್ಲಿ ಸಿಕ್ಕ ವಾಹನದ ವಿಚಾರವಾಗಿ ಬೀದಿಯಲ್ಲಿ ಈಗ ಮೂರು ಕಥೆಗಳು ಚಲಾವಣೆಯಲ್ಲಿವೆ. ಅದು ವಿಮಾನದ ಬಾಲವೆಂದು ಕ್ಷೌರದಂಗಡಿಯವನ ಕಥೆ. ಕಳ್ಳಸಾಗಣೆಯವರ ಗಾಡಿಯೆಂದು ಹಾಲಿನವನ ಕಥೆ. ಬ್ರೇಕ್ ಇನ್ಸ್‌ಪೆಕ್ಟರು ಅದನ್ನು ಕಂಡೊಡನೆಯೇ ಗುರುತು ಹಿಡಿದರೆಂದು ಇನ್ಸ್‌ಪೆಕ್ಟರ ಸ್ವಂತ ಭಾವನ ಕಥೆ. ಮೂರೂ ಅಪ್ಪಟ ಸುಳ್ಳು. ಮೊದಲೆರಡನ್ನು ಕ್ಷಮಿಸಬಹುದು, ಕ್ಷೌರದಂಗಡಿಗೆ ಸತ್ಯದ ಹಂಗು ಎಂದೂ ಇದ್ದದ್ದಲ್ಲ. ಮೂರನೆಯದನ್ನು ಕ್ಷಮಿಸಲಾಗದು. ಇನ್ಸ್‌ಪೆಕ್ಟರು ಅದನ್ನು ಕಂಡೊಡನೆ ಗುರುತು ಹಿಡಿಯಲಿಲ್ಲ; ಗುರುತು ಹಿಡಿಯಬಾರದೆಂದು ಕೈಲಾದಷ್ಟು ಹೆಣಗಿದರು. ನಡೆದದ್ದು ಹೀಗೆ.

ಇನ್ಸ್‌ಪೆಕ್ಟರು ನಿವೃತ್ತರು. ಸರ್ಕಾರಿ ಕಾಗದದಲ್ಲಿ ಅವರ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಆದರೆ ವಾಹನದ ಬ್ರೇಕು ತುಳಿದು, ದೀಪ ಹೊತ್ತಿಸಿ, ಹಾರ್ನು ಒತ್ತಿ, ರಸ್ತೆಗೆ ಯೋಗ್ಯವೋ ಅಲ್ಲವೋ ಎಂದು ತೀರ್ಪು ಕೊಡುವವರನ್ನು ಜನರು ಬ್ರೇಕ್ ಇನ್ಸ್‌ಪೆಕ್ಟರೆಂದೇ ಕರೆಯುವುದು. ಅವರು ನಿವೃತ್ತರಾದರೂ ಅವರ ತೀರ್ಪಿನ ಚಟ ನಿವೃತ್ತವಾಗಲಿಲ್ಲ. ಮನೆಯ ಬಾಗಿಲು ಕಿರುಗುಟ್ಟಿದರೆ "ಫೇಲ್" ಎನ್ನುತ್ತಿದ್ದರು. ಹೆಂಡತಿಯ ಹೊಸ ಕನ್ನಡಕವನ್ನು ತಾತ್ಕಾಲಿಕವಾಗಿ ಪಾಸು ಮಾಡಿದ್ದರು. ನೆಂಟರಿಷ್ಟರ ನಡುವೆ ಯಾವ ವಿವಾದವೆದ್ದರೂ ಕೊನೆಯ ಮಾತು ಅವರದೇ.

ಅಂಥ ಮಾತೊಂದು ಅವರ ಚಿಕ್ಕಮ್ಮನ ಬಾಯಿ ಕಟ್ಟಿತ್ತು.

ಚಿಕ್ಕಮ್ಮನಿಗೆ ಎರಡು ಅಡ್ಡಹೆಸರುಗಳು. ಕಾರು ಕಲಿಯಲು ಬರುವವರಿಗೆ ಅವರು "ಆಮೆ ಮೇಡಂ". ಮನೆಯವರಿಗೆ, ಬೆನ್ನ ಹಿಂದೆ, "ಬುರುಡೆ ಚಿಕ್ಕಮ್ಮ". ಪೇಟೆಯ ಕೊನೆಯಲ್ಲಿ ಒಂದೇ ಕೋಣೆಯ ಡ್ರೈವಿಂಗ್ ಶಾಲೆ ಅವರದು. ಗೋಡೆಗೆ ಹಳೆಯ ಸ್ಟೇರಿಂಗೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಹೊಸಬರು ಮೊದಲ ವಾರವೆಲ್ಲ ಮರದ ಕುರ್ಚಿಯಲ್ಲಿ ಕುಳಿತು ಅದನ್ನೇ ತಿರುಗಿಸಬೇಕು. ಆಮೇಲೆ ಬೂದುಬಣ್ಣದ ಕಾರು. ಚಿಕ್ಕಮ್ಮ ಮೊಳದುದ್ದದ ಆಳಾದ್ದರಿಂದ ಅವರ ಸೀಟಿನ ಮೇಲೊಂದು ದಿಂಬು, ಪೆಡಲುಗಳ ಮೇಲೆ ಅಂಚು ದುಂಡಗೆ ಮಾಡಿದ ಮರದ ತುಂಡುಗಳು. ಲೇತ್ ಮಷೀನಿನ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ಬದುಕಿದ್ದಾಗ ತಾವೇ ಕೂರಿಸಿಕೊಟ್ಟಿದ್ದ ತುಂಡುಗಳವು. ಕಾಲಾಡಿಸುವುದಕ್ಕೆ ಅಡ್ಡಿಯೆಂಬ ಕಾರಣಕ್ಕೆ ಇನ್ಸ್‌ಪೆಕ್ಟರು ಒಮ್ಮೆ ಆ ಕಾರನ್ನೇ ಫೇಲು ಮಾಡಿದ್ದರು. ಸ್ವಂತ ಚಿಕ್ಕಮ್ಮನೆಂಬ ಮುಲಾಜು ತೋರಲಿಲ್ಲ. ಮರುದಿನ ತುಂಡುಗಳನ್ನು ಬಿಚ್ಚಿ ತಂದು ಪಾಸು ಮಾಡಿಸಿಕೊಂಡು ಹೋದ ಚಿಕ್ಕಮ್ಮ ಕಚೇರಿಯ ಗೇಟು ದಾಟಿದ ಮೇಲೆ ಮತ್ತೆ ಕೂರಿಸಿಕೊಂಡರೆಂಬುದು ಇನ್ಸ್‌ಪೆಕ್ಟರಿಗೆ ತಿಳಿದೇ ಇತ್ತು.

"ನಿಧಾನ, ನಿಧಾನ. ರಸ್ತೆ ಎಲ್ಲಿಗೂ ಓಡಿಹೋಗಲ್ಲ" ಎಂಬುದು ಚಿಕ್ಕಮ್ಮನ ಏಕೈಕ ಪಾಠ. ಅವರ ಕಾರನ್ನು ಸೈಕಲ್ಲುಗಳು ಹಿಂದೆ ಹಾಕುತ್ತಿದ್ದವು. "ಅಮ್ಮಾ, ಸ್ವಲ್ಪ ದಾರಿ ಬಿಡ್ತೀರಾ?" ಎಂದು ಕೈಗಾಡಿಯವನೊಬ್ಬ ಹಿಂದಿನಿಂದ ಕೂಗಿದ್ದುಂಟು.

ಇಂಥವರು ಪ್ರಾಯದಲ್ಲಿ ತಾನು ರೇಸ್ ಕಾರು ಓಡಿಸುತ್ತಿದ್ದೆನೆಂದರೆ ಯಾರು ನಂಬುತ್ತಾರೆ? ಅದೂ ಡ್ರ್ಯಾಗ್ ರೇಸು. ಪಾಳುಬಿದ್ದ ವಿಮಾನದ ಓಡುದಾರಿಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಲ್ಲುವುದು, ಬಾವುಟ ಕೆಳಗಿಳಿದದ್ದೇ ತಡ ಮೂಗಿನ ನೇರಕ್ಕೆ ಕಾಲು ಮೈಲಿ ಓಡುವುದು, ಮೊದಲು ಮುಟ್ಟಿದವರು ಗೆದ್ದಂತೆ. ನೋಡುವವರು ಉಗುಳು ನುಂಗುವುದರೊಳಗೆ ಮುಗಿದೇ ಹೋಗುತ್ತಿತ್ತಂತೆ. ಕಾರು ಕಟ್ಟಿದವರು ಚಿಕ್ಕಪ್ಪ. ಓಡಿಸಿದ್ದು ಚಿಕ್ಕಮ್ಮ, ಏಕೆಂದರೆ ಅವರ ತೂಕ ಕಡಿಮೆ. ಅಷ್ಟು ವೇಗದ ಕಾರಿಗೆ ಬರಿಯ ಬ್ರೇಕು ಸಾಲದು. ಕೊನೆಯಲ್ಲಿ ಸನ್ನೆಕೋಲೊಂದನ್ನು ಎಳೆದರೆ ಹಿಂದೆ ದೊಡ್ಡ ಬಟ್ಟೆಯ ಕೊಡೆ ಬಿಚ್ಚಿಕೊಂಡು, ಗಾಳಿ ತುಂಬಿ, ಕಾರನ್ನು ಹಿಡಿದು ನಿಲ್ಲಿಸುತ್ತಿತ್ತು. ಓಡುದಾರಿಯನ್ನು ಅಗೆದು ಕಾರ್ಖಾನೆ ಎಬ್ಬಿಸಿದ ಮೇಲೆ ಚಿಕ್ಕಪ್ಪ ಕಾರನ್ನು ಗುಜರಿಗೆ ಮಾರಿಬಿಟ್ಟರು. ಇದು ಚಿಕ್ಕಮ್ಮನ ಕಥೆ.

ಮನೆ ತುಂಬ ನೆಂಟರಿದ್ದ ಒಂದು ಊಟದಲ್ಲಿ ಭಾವ ಕೆಣಕಿದರು. "ಚಿಕ್ಕಮ್ಮ, ಆ ಕೊಡೆ ಮಳೆಗೂ ಆಗ್ತಿತ್ತೋ, ಬರೀ ಬ್ರೇಕಿಗೋ?" ಎಲ್ಲರೂ ಇನ್ಸ್‌ಪೆಕ್ಟರ ಮುಖ ನೋಡಿದರು. ಅವರು ಲೋಟ ಕೆಳಗಿಟ್ಟು, ಗಂಟಲು ಸರಿಪಡಿಸಿಕೊಂಡು, "ಬಟ್ಟೆಯಿಂದ ನಿಲ್ಲೋ ವಾಹನ ನಮ್ಮ ನಿಯಮದ ಪುಸ್ತಕದಲ್ಲಿ ಇಲ್ಲ" ಎಂದರು.

"ನಿನ್ನ ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ವೇನೋ?"

"ಇಲ್ಲ ಚಿಕ್ಕಮ್ಮ."

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಚಿಕ್ಕಮ್ಮನೂ ನಕ್ಕರು. ಆದರೆ ಅಂದಿನಿಂದ ಆ ಕಥೆಯನ್ನು ಯಾರ ಮುಂದೆಯೂ ಎತ್ತಲಿಲ್ಲ. ಉಳಿದವರಿಗೆ ಹಾಯೆನಿಸಿತು. ಇನ್ಸ್‌ಪೆಕ್ಟರಿಗೆ ಮಾತ್ರ ಆ ಮೌನ ಚಪ್ಪಲಿಯೊಳಗೆ ಹೊಕ್ಕ ಹರಳಿನಂತೆ ಆಗಾಗ ಒತ್ತುತ್ತಿತ್ತು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ದಾಖಲಿಸಬೇಕು. ಇನ್ಸ್‌ಪೆಕ್ಟರು ನಿವೃತ್ತರಾದಾಗ ಚಿಕ್ಕಮ್ಮ ಅವರ ಕಾರಿಗೆ ಹೊದಿಸಲೆಂದು ದುಂಡನೆಯ ದಪ್ಪ ಬಟ್ಟೆಯೊಂದನ್ನು ಕೊಟ್ಟಿದ್ದರು. ಸುತ್ತಲೂ ಹೊಲಿದ ಹುರಿಗಳು. ಅವೆಲ್ಲ ಕೊನೆಗೆ ಒಂದೇ ಕಬ್ಬಿಣದ ಬಳೆಗೆ ಸೇರುತ್ತಿದ್ದವು. ಬಟ್ಟೆಯ ನಟ್ಟನಡುವೆ ಅಂಗೈಯಗಲದ ತೂತು. "ಈ ತೂತು ಮುಚ್ಚಬೇಡ ಕಣೋ. ಅದಕ್ಕೊಂದು ಕೆಲಸ ಇದೆ" ಎಂದು ಹೇಳಿಯೇ ಕೊಟ್ಟಿದ್ದರು. ತೂತಿಗೆ ಎಂಥ ಕೆಲಸ? ಮೊದಲ ಮಳೆಗೇ ಕಾರಿನ ತಲೆ ತೊಯ್ದಿತು. ಇನ್ಸ್‌ಪೆಕ್ಟರು ದರ್ಜಿಯನ್ನು ನಂಬದೆ ತಾವೇ ದಬ್ಬಣ ಹಿಡಿದು, ತೇಪೆ ಕೊಟ್ಟು, ಎರಡು ಸುತ್ತು ಹೊಲಿಗೆ ಹಾಕಿ ಆ ತೂತನ್ನು ಮುಚ್ಚಿದರು. ಹೊಲಿಗೆ ಅಚ್ಚುಕಟ್ಟಾಗಿತ್ತು. ಪಾಸ್.

ಹೀಗಿರಲು ಒಂದು ಬೆಳಿಗ್ಗೆ ಗುಜರಿಯವನು ಹುಡುಕಿಕೊಂಡು ಬಂದ. ಹಳೆಯ ಮರದ ಡಿಪೋವನ್ನು ಕೆಡವುವ ಗುತ್ತಿಗೆ ಹಿಡಿದಿದ್ದ ಅವನಿಗೆ ಹಲಗೆಗಳ ರಾಶಿಯ ಹಿಂದೆ ವಿಚಿತ್ರ ವಸ್ತುವೊಂದು ಸಿಕ್ಕಿತ್ತು.

"ಸಾಹೇಬ್ರೇ, ಮಧ್ಯಾಹ್ನ ಗ್ಯಾಸ್ ಕಟರ್ ಬರುತ್ತೆ. ತುಂಡು ಮಾಡೋಕೆ ಮುಂಚೆ ಅದು ಏನು ಅಂತ ನೀವು ಒಂದ್ಸಲ ನೋಡಿಬಿಡಿ. ನಾಳೆ ಯಾರಾದ್ರೂ ಬಂದು ನಮ್ಮ ಗಾಡಿ ಕದ್ದೆ ಅಂದ್ರೆ ನಾನು ಯಾರ ಕಾಲು ಹಿಡೀಲಿ?"

"ಏನು ಅನ್ಸುತ್ತೆ ನಿಂಗೆ?"

"ಏಣಿಗೆ ಗಾಲಿ ಹಾಕಿದಾರೆ ಅನ್ಸುತ್ತೆ."

ಇನ್ಸ್‌ಪೆಕ್ಟರು ಹೋಗಿ ನೋಡಿದರು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಉದ್ದನೆಯ ಬಡಕಲು ಚೌಕಟ್ಟು. ಮುಂದೆ ಸೈಕಲ್ಲಿನಂಥ ಎರಡು ತೆಳು ಗಾಲಿಗಳು, ಹಿಂದೆ ಗುಡಾಣದಂಥ ಎರಡು ನುಣುಪು ಗಾಲಿಗಳು. ಎಂಜಿನ್ನಿನ ಜಾಗ ಖಾಲಿ. ಹಿಂದಿನ ಗಾಲಿಗಳಿಗೂ ಹಿಂದೆ, ಅಚ್ಚಿನ ಮೇಲಿಂದ ಕಾಲು ಚಾಚಿ ಕೂರಬೇಕಾದ ಒಂಟಿ ಸೀಟು. ಇನ್ಸ್‌ಪೆಕ್ಟರ ರಕ್ತ ಕುದಿಯಿತು. ದೀಪವಿಲ್ಲ. ಹಾರ್ನಿಲ್ಲ. ನಂಬರಿನ ಹಲಗೆಗೆ ತೂತು ಸಹ ಕೊರೆದಿಲ್ಲ. ಮುಂದಿನ ಗಾಲಿಗಳಿಗೆ ಬ್ರೇಕೆಂಬುದೇ ಇಲ್ಲ! ಇಡೀ ಸೇವಾವಧಿಯಲ್ಲಿ ಇಷ್ಟು ನಿರ್ಲಜ್ಜ ವಾಹನವನ್ನು ಅವರು ಕಂಡಿರಲಿಲ್ಲ.

"ಫೇಲ್" ಎಂದರು.

"ಅದು ಗೊತ್ತಾಯ್ತು ಸಾಹೇಬ್ರೇ. ಆದ್ರೆ ಏನು ಫೇಲಾಯ್ತು ಅಂತ ಹೇಳಿ."

ಬಗ್ಗಿ ಒಳಗೆ ಇಣುಕಿದಾಗ ಪೆಡಲುಗಳು ಕಂಡವು. ಪೆಡಲುಗಳ ಮೇಲೆ ಮರದ ತುಂಡುಗಳು. ತುಂಡುಗಳ ಅಂಚು ದುಂಡಗೆ.

ಮರದ ತುಂಡನ್ನು ಯಾರು ಬೇಕಾದರೂ ಇಡಬಹುದು, ಕುಳ್ಳರು ಲೋಕದಲ್ಲಿ ಒಬ್ಬರೇ ಅಲ್ಲ ಎಂದು ಅವರು ತಮಗೆ ತಾವೇ ಸಾಕಷ್ಟು ಖಡಕ್ಕಾಗಿ ಹೇಳಿಕೊಂಡರು. ಆದರೂ ಇನ್ನಷ್ಟು ಬಗ್ಗಿ ನೋಡಿದರು. ಸೀಟಿನ ಬಲಕ್ಕೆ ಒಂದು ಸನ್ನೆಕೋಲು; ಅದರಿಂದ ಹೊರಟ ತಂತಿ ವಾಹನದ ಬಾಲಕ್ಕೆ ಹೋಗಿ, ಬಾಯಿ ತೆರೆದ ಖಾಲಿ ಡಬ್ಬಿಯೊಂದರ ಮುಚ್ಚಳಕ್ಕೆ ಸೇರಿತ್ತು. ಡಬ್ಬಿಯ ಕೆಳಗೆ ಹೆಬ್ಬೆರಳು ಗಾತ್ರದ ಕೊಕ್ಕೆ.

"ಇಷ್ಟು ದಪ್ಪ ಕೊಕ್ಕೆ ಯಾಕೆ ಸಾಹೇಬ್ರೇ? ಹಿಂದೆ ಏನಾದ್ರೂ ಕಟ್ಟಿ ಎಳೀತಿದ್ರಾ?"

ಇನ್ಸ್‌ಪೆಕ್ಟರು ನೆಟ್ಟಗೆ ನಿಂತರು. "ಕಟರ್ ಬಂದ್ರೆ ಮುಟ್ಟಬಾರದು. ನಾನು ಬರೋವರೆಗೆ ಒಂದು ತಿರುಪು ಬಿಚ್ಚಿದ್ರೂ ನಿನ್ನ ಲಾರಿ ರಸ್ತೆಗೆ ಇಳಿಯಲ್ಲ" ಎಂದು, ಈಗ ತಮಗಿಲ್ಲದ ಅಧಿಕಾರವನ್ನು ಚಲಾಯಿಸಿ, ಬಿರಬಿರನೆ ಮನೆಗೆ ನಡೆದರು.

ಅವರು ಕಾರಿನ ಹೊದಿಕೆಯನ್ನು ಕಿತ್ತು ಬಗಲಿಗೆ ತುರುಕಿಕೊಳ್ಳುವುದನ್ನು ಕಂಡು ಹೆಂಡತಿ ಕೇಳಿದರು. "ರೀ, ಒಗೆಯೋಕೆ ಕೊಡ್ತೀರಾ? ಈಗಲಾದ್ರೂ ಬುದ್ಧಿ ಬಂತಲ್ಲ."

"ಪರೀಕ್ಷೆಗೆ ತಗೊಂಡು ಹೋಗ್ತಿದ್ದೀನಿ."

"ಬಟ್ಟೇನಾ?"

"ನನ್ನನ್ನ" ಎಂದು ಅವರು ಹೊರಟೇಬಿಟ್ಟರು.

ಡಿಪೋದಲ್ಲಿ ಆ ಕಬ್ಬಿಣದ ಬಳೆಯನ್ನು ಕೊಕ್ಕೆಗೆ ಸಿಕ್ಕಿಸುವಾಗ ಅವರ ಮನಸ್ಸು ಬಳೆ ಚಿಕ್ಕದಾಗಲಿ ಎಂದು ಬಯಸುತ್ತಿತ್ತು. ಇದು ಸತ್ಯ, ಮುಚ್ಚಿಟ್ಟು ಪ್ರಯೋಜನವಿಲ್ಲ. ಬಳೆ ಟಕ್ಕೆಂದು ಕೂತಿತು. ಬಟ್ಟೆಯನ್ನು ಮಡಚಿ ಡಬ್ಬಿಗೆ ತುಂಬಿದರು. ಹೇಳಿ ಹೊಲಿಸಿದ ಅಂಗಿಯಂತೆ ಹಿಡಿಯಿತು. ಇನ್ಸ್‌ಪೆಕ್ಟರು ಹಲಗೆಯೊಂದರ ಮೇಲೆ ಕುಸಿದು ಕುಳಿತರು. ಇಷ್ಟು ವರ್ಷ ಸಾಕ್ಷಿಯನ್ನು ತಮ್ಮ ಕಾರಿನ ಮೇಲೆಯೇ ಹೊದಿಸಿ, ದಿನಾ ಬೆಳಿಗ್ಗೆ ಅದರ ಧೂಳು ಕೊಡವಿದ್ದರು.

"ಏನು ಸಾಹೇಬ್ರೇ ಇದು?"

"ಬ್ರೇಕು" ಎಂದರು ಬ್ರೇಕ್ ಇನ್ಸ್‌ಪೆಕ್ಟರು. "ಫೋನ್ ಕೊಡು. ನಮ್ಮ ಚಿಕ್ಕಮ್ಮನ್ನ ಕರೀಬೇಕು. ನಮ್ಮ ಭಾವನ್ನೂ."

ಭಾವ ಮೊದಲು ತಲುಪಿದರು. ಚಿಕ್ಕಮ್ಮ ಬೂದು ಕಾರಿನಲ್ಲಿ, ಮೊದಲ ಗೇರಿನಲ್ಲಿ, ತಮ್ಮ ಪದ್ಧತಿಯಂತೆ ಬಂದರು. ಇಳಿದು, ಚೌಕಟ್ಟಿನ ಮೇಲೆ ಅಂಗೈ ಆಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆದರು.

"ಕೊಡೆ ಒಂದನ್ನ ನನ್ನ ಕೈಗಿಟ್ಟು, ಕಾರು ಮಾರಿದೆ ಅಂದಿದ್ರು ನಿಮ್ಮ ಚಿಕ್ಕಪ್ಪ" ಎಂದರು ಕೊನೆಗೆ. "ಈ ಡಿಪೋದವನು ಅವರ ಜೀವದ ಗೆಳೆಯ. ಮಾರೋಕೆ ಮನಸ್ಸು ಬರದೆ ಇಲ್ಲಿ ಬಚ್ಚಿಟ್ಟು, ನನ್ನ ಮುಂದೆ ಸುಳ್ಳು ಹೇಳಿದಾರೆ. ನಮ್ಮ ಮನೇಲಿ ಬುರುಡೆ ಬಿಡ್ತಿದ್ದದ್ದು ಯಾರು ಅಂತ ಈಗ ಗೊತ್ತಾಯ್ತಾ?"

ಭಾವ ತಮ್ಮ ಚಪ್ಪಲಿಯನ್ನು ಪರಿಶೀಲಿಸತೊಡಗಿದರು.

ಚಿಕ್ಕಮ್ಮ ಡಬ್ಬಿಗೆ ಕೈ ಹಾಕಿ ಬಟ್ಟೆ ಎಳೆದರು. ನಡುವಿನ ತೇಪೆ ಕಂಡಿತು. "ಯಾವನೋ ಇದನ್ನ ಮುಚ್ಚಿದ್ದು?"

"ಸೋರ್ತಿತ್ತು ಚಿಕ್ಕಮ್ಮ."

"ಸೋರಲೇಬೇಕು ಕಣೋ! ಒಳಗೆ ತುಂಬಿದ ಗಾಳಿಗೆ ನಡುವೆ ದಾರಿ ಇಲ್ದಿದ್ರೆ ಕೊಡೆ ಅತ್ತಿತ್ತ ಹೊಯ್ದಾಡಿ ಗಾಡೀನ ಮಗುಚುತ್ತೆ. ಅದು ಸರಿ, ಎರಡು ಸುತ್ತು ಬೇರೆ ಹಾಕಿದ್ದೀಯಾ! ಬಿಚ್ಚು."

ನಿವೃತ್ತ ಬ್ರೇಕ್ ಇನ್ಸ್‌ಪೆಕ್ಟರು ಹಲಗೆಯ ಮೇಲೆ ಕುಳಿತು, ಗುಜರಿಯವನ ಬ್ಲೇಡು ಹಿಡಿದು, ತಮ್ಮದೇ ಅಚ್ಚುಕಟ್ಟಾದ ಹೊಲಿಗೆಯನ್ನು ಒಂದೊಂದಾಗಿ ಕಿತ್ತು, ಕೊಡೆಯನ್ನು ಮತ್ತೆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು. ಅಷ್ಟರಲ್ಲಿ ಗುಜರಿಯವನು ಟೈರುಗಳಿಗೆ ಗಾಳಿ ಹೊಡೆದು, ಗಾಳಿ ಹಿಡಿಯದ ಒಂದಕ್ಕೆ ಹುಲ್ಲು ಗಿಡಿದು, ತಂತಿಗೆ ಎಣ್ಣೆ ಬಿಟ್ಟ. ಕಾರು ಇದೇ ಸರಿ, ಆದರೆ ಕೊಡೆ ನಿಜಕ್ಕೂ ಹಿಡಿಯುತ್ತದೆಂಬುದಕ್ಕೆ ಏನು ಖಾತ್ರಿ ಎಂದು ಭಾವ ಗೊಣಗಿದ್ದೇ ತಡ, ಚಿಕ್ಕಮ್ಮ ಸೆರಗು ಬಿಗಿದು ಸೀಟಿಗೆ ಇಳಿದರು. ಕಾಲುಗಳು ಮರದ ತುಂಡುಗಳನ್ನು ತಾವಾಗಿಯೇ ಹುಡುಕಿಕೊಂಡವು.

"ಹಗ್ಗ ಕಟ್ಟಿ. ಇನ್ಸ್‌ಪೆಕ್ಟ್ರು ನನ್ನ ಕಾರಲ್ಲಿ ಎಳೀಲಿ."

ಡಿಪೋದ ಅಂಗಳ ಉದ್ದವಾಗಿತ್ತು. ಬೂದು ಕಾರಿನ ದಿಂಬಿನ ಮೇಲೆ ಕುಳಿತ ಇನ್ಸ್‌ಪೆಕ್ಟರ ಮಂಡಿಗಳು ಸ್ಟೇರಿಂಗಿಗೆ ತಗುಲುತ್ತಿದ್ದವು. ತಾವು ಹಿಂದೆ ಫೇಲು ಮಾಡಿದ ಮರದ ತುಂಡುಗಳನ್ನೇ ತುಳಿದು, ಚಿಕ್ಕಮ್ಮನ ಪಾಠದಂತೆ ಮೆಲ್ಲಗೆ ಹೊರಟರು. ಹಿಂದಿನಿಂದ ಸನ್ನೆಕೋಲಿನ ಸದ್ದಾಯಿತು. ಡಬ್ಬಿ ತೆರೆದು, ತೊಳೆದು ಹಿಂಡದ ಕಂಬಳಿಯಂತೆ ಕೊಡೆ ನೆಲಕ್ಕೆ ಬಿದ್ದು ಎಳೆದಾಡಿತು. ಭಾವ ಬಾಯಿ ತೆರೆದರು.

ಅವರು ಮಾತು ಹೊರಡಿಸುವ ಮೊದಲೇ ಆಮೆ ಮೇಡಂ ತಮ್ಮ ಶಾಲೆಯ ಯಾವ ವಿದ್ಯಾರ್ಥಿಗೂ ಎಂದೂ ಹೇಳದ ಮಾತನ್ನು ಕೂಗಿದರು. "ಜೋರಾಗಿ ಹೋಗೋ! ಬೇಗ ಹೋಗೋದನ್ನ ನಾನು ಅವತ್ತೇ ಮಾಡಿ ಮುಗಿಸಿದ್ದೀನಿ, ನೀನು ಇನ್ನೂ ಶುರುವೇ ಮಾಡಿಲ್ಲ!"

ಇನ್ಸ್‌ಪೆಕ್ಟರು ಕಣ್ಣು ಮುಚ್ಚದೆ, ಆದರೆ ಮುಚ್ಚುವ ಮನಸ್ಸಿನಿಂದ, ಗೇರು ಬದಲಿಸಿ ತುಳಿದರು. ಬೂದು ಕಾರು ಬೆಚ್ಚಿಬಿದ್ದಂತೆ ನೆಗೆಯಿತು. ಹಿಂದೆ ಬಟ್ಟೆ ಎರಡು ಸಲ ಪಟಪಟನೆ ಬಡಿದು, ಭಪ್ ಎಂದು ತೆರೆದುಕೊಂಡಿತು. ಆ ಕ್ಷಣ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಕಾರು ತಡೆಯಿತು. ಕನ್ನಡಿಯಲ್ಲಿ ನೋಡಿದರೆ ಮಸುಕು ಬಿಳುಪಿನ ದೊಡ್ಡ ದುಂಡು, ಅದರ ನಡುವಿನ ತೂತಿನಲ್ಲಿ ಆಕಾಶದ ತುಣುಕು, ಅದರ ಮುಂದೆ ಚಿಕ್ಕಮ್ಮನ ಪುಟ್ಟ ತಲೆ.

ಕಾರು ನಿಲ್ಲಿಸಿ ಅವರು ಇಳಿದರು. ಬಳೆ ನೋಡಿದರು, ಕೊಕ್ಕೆ ನೋಡಿದರು, ಹುರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಭಾವನ ಕಡೆ ತಿರುಗಿ, ಡಿಪೋದ ಆ ಮೂಲೆಗೂ ಕೇಳುವಂತೆ, "ಬ್ರೇಕು ಪಾಸ್" ಎಂದರು. ಸ್ವಲ್ಪ ತಡೆದು, "ನಮ್ಮ ಪುಸ್ತಕ ಫೇಲ್" ಎಂದು ಸೇರಿಸಿದರು.

"ನಾನು?" ಎಂದರು ಚಿಕ್ಕಮ್ಮ ಸೀಟಿನಿಂದಲೇ.

"ನೀವು ಯಾವತ್ತೋ ಪಾಸ್, ಚಿಕ್ಕಮ್ಮ. ಹೇಳೋದು ತಡವಾಯ್ತು."

"ಆಯ್ತಾಯ್ತು, ಮೂಗು ಒರೆಸ್ಕೋ. ಕೊಡೆ ಮಡಚಿ ತುಂಬು, ಇನ್ನೊಂದ್ಸಲ ಹೋಗೋಣ" ಎಂದರು ಚಿಕ್ಕಮ್ಮ. "ಈ ಸಲ ಹಿಂದಿನ ಸೀಟಲ್ಲಿ ನಿಮ್ಮ ಭಾವನ್ನ ಕೂರಿಸ್ಕೋ. ಮೂರನೇ ಗೇರು."