ಕಾಜಾ ಒಂದೇ ಬಾಕಿ

ನನ್ನ ಸೋದರಮಾವ ದರ್ಜಿ. ಸುಳ್ಳು ಹೇಳದ ದರ್ಜಿಯನ್ನು ನಾನಂತೂ ಕಂಡಿಲ್ಲ, ಆದರೆ ಮಾವನ ಸುಳ್ಳಿಗೆ ಒಂದು ಶಿಸ್ತಿತ್ತು. "ಕಾಜಾ ಒಂದೇ ಬಾಕಿ, ನಾಳೆ ಬನ್ನಿ" ಎಂದರೆ, ಗುಂಡಿಯ ತೂತಿನ ಮಾತಿರಲಿ, ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ಅರ್ಥ. "ಅಯ್ಯೋ, ಬಟ್ಟೆ ಎಲ್ಲಿಟ್ಟೆನೋ ಮರೆತೇಹೋಯ್ತು" ಎಂದು ತಲೆ ಕೆರೆದುಕೊಂಡರೆ ಅದು ಇಸ್ತ್ರಿಯಾಗಿ ಬೀರುವಿನಲ್ಲಿ ತೂಗುತ್ತಿದೆ ಎಂದು ಅರ್ಥ. ಗಿರಾಕಿಯ ಮುಖ ಪೂರ್ತಿ ಬಾಡುವವರೆಗೆ ಕಾದು, ಆಮೇಲೆ ಬೀರು ತೆಗೆದು ತೋರಿಸುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ. ನನ್ನ ಮದುವೆಯ ಬಟ್ಟೆಗೂ ಹೀಗೇ ಮಾಡಿ ನಮ್ಮಮ್ಮನನ್ನು ಅಳಿಸಿದ್ದ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅತ್ತೆ ಇದಕ್ಕೆ ತದ್ವಿರುದ್ಧ. ಅಂಗಡಿಯ ಹಿಂಭಾಗದಲ್ಲಿ ಪರದೆಯ ಮರೆಗೆ ಕೂತು ಗುಂಡಿ, ಹುಕ್ಕು ಹಾಕುತ್ತಾಳೆ ಎಂದಷ್ಟೇ ಎಲ್ಲರಿಗೂ ಗೊತ್ತು. ಸುಳ್ಳು ಅವಳ ಬಾಯಲ್ಲಿ ಬರುವುದೇ ಇಲ್ಲ. "ನಾನು ಸ್ವಲ್ಪ ದಪ್ಪ ಆಗಿದೀನಾ?" ಎಂದು ಯಾರೋ ಕೇಳಿದರೆ, "ಸ್ವಲ್ಪ ಅಲ್ಲ" ಎನ್ನುವ ಹೆಂಗಸು. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದಿದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ.

ಇವರಿಬ್ಬರನ್ನು ಕಂಡು ಹಿರಿಹಿರಿ ಹಿಗ್ಗಿದವರು ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು. ಯಾರಾದರೂ ಹೊಸ ಗಿರಾಕಿ ಬಂದರೆ ಸಾಕು, ಬೀದಿಯಲ್ಲೇ ತಡೆದು ಪಾಠ ಶುರು: "ಒಳಗೆ ಇಬ್ಬರಿದಾರೆ. ಒಬ್ಬರದು ಬರೀ ನಿಜ, ಒಬ್ಬರದು ಬರೀ ಸುಳ್ಳು. ಯಾರು ಯಾರು ಅಂತ ಹೇಳಲ್ಲ, ಮಜಾ ಹೋಗುತ್ತೆ. ಯಾರನ್ನಾದ್ರೂ ಕೇಳಿ, ಆದ್ರೆ 'ಇನ್ನೊಬ್ಬರನ್ನ ಕೇಳಿದ್ರೆ ಏನಂತಾರೆ?' ಅಂತ ಕೇಳಿ. ಬಂದ ಉತ್ತರನ ಉಲ್ಟಾ ಮಾಡ್ಕೊಳ್ಳಿ. ಅದೇ ನಿಜ!" ಪ್ಯಾಂಟು ಹೊಲಿಸಲು ಬಂದವನಿಗೆ ಇಷ್ಟೆಲ್ಲ ಯಾಕೆ ಬೇಕಿತ್ತೋ.

ಹೀಗಿರುವಾಗ ಮಾವನ ಕಣ್ಣು ಮಂಜಾಯಿತು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಇನ್ನು ಹೊಲಿಗೆ ಬೇಡವೇ ಬೇಡ ಎಂದರು ಡಾಕ್ಟರು. "ಆಯ್ತು, ಇವತ್ತಿಂದ ಸೂಜಿ ಮುಟ್ಟಲ್ಲ" ಎಂದು ಮಾವ ಮಾತು ಕೊಟ್ಟ. ಮಾವ ಮುಟ್ಟುವುದಿಲ್ಲ ಎಂದನೆಂದರೆ ಮುಟ್ಟೇ ಮುಟ್ಟುತ್ತಾನೆ ಎಂದು ನಾನು ಮೇಷ್ಟ್ರ ಲೆಕ್ಕ ಹಾಕಿದೆ. ಅಂಗಡಿಯೂ ಎಂದಿನಂತೆ ನಡೆಯಿತು, ಬಟ್ಟೆ ಎಂದಿನಂತೆ ತಡವಾಗಿ, ಎಂದಿನಂತೆ ಸೊಗಸಾಗಿ ಬಂತು. ಅವತ್ತು ಡಾಕ್ಟರ ಹತ್ತಿರದಿಂದ ಹೊರಗೆ ಬರುವಾಗ ಮಾವ ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಕಣೇ. ಕುರುಡು ದರ್ಜಿ ಅಂದ್ರೆ ಯಾರು ಬರ್ತಾರೆ?" ಎಂದಿದ್ದ. ಅವನ ಅಂಗಡಿಯ ಎದುರಿಗೇ ಸಿದ್ಧ ಉಡುಪಿನ ದೊಡ್ಡ ಅಂಗಡಿ ಆಗಲೇ ಬಾಯಿ ತೆರೆದು ಕೂತಿತ್ತು.

ಒಂದು ದಿನ ಮೇಷ್ಟ್ರು, ಇಲ್ಲೇ ಹೊಸದಾಗಿ ಹೊಲಿಸಿದ್ದ ತಮ್ಮ ಕೋಟನ್ನು ಮೆಚ್ಚಿಕೊಂಡ ವಕೀಲರೊಬ್ಬರನ್ನು ಕರೆತಂದರು. ಮಗನ ಪ್ಯಾಂಟಿನ ಅಂಚು ಬಿಡಿಸಲೆಂದು ನಾನೂ ಅಲ್ಲೇ ಇದ್ದೆ. ವಕೀಲರು ಕರಿ ಬಟ್ಟೆ ಮೇಜಿನ ಮೇಲಿಟ್ಟು, "ಇದು ಚೆನ್ನಾಗಿ ಬಂದ್ರೆ ನಮ್ಮ ಆಫೀಸಿನವರದ್ದೆಲ್ಲ ನಿಮ್ಗೇ" ಎಂದರು. ಮಾವ ಸಂಭ್ರಮದಿಂದ ಟೇಪು ಎಳೆದು, ಎದೆ ಅಳೆದು, ಗಟ್ಟಿಯಾಗಿ ಸಂಖ್ಯೆ ಕೂಗಿದ.

"ಟೇಪು ತಲೆಕೆಳಗಾಗಿದೆಯಲ್ರೀ" ಎಂದರು ವಕೀಲರು.

ವಕೀಲರು ಒಮ್ಮೆ ಮೇಷ್ಟ್ರ ಕಡೆ ನೋಡಿ, ಕಲಿತ ಪಾಠವನ್ನು ಪ್ರಯೋಗಿಸಿಯೇಬಿಟ್ಟರು. "ಕರಿ ಬಟ್ಟೆ ಮೇಲೆ ಕರಿ ದಾರ ಕಾಣೋಷ್ಟು ನಿಮ್ಮ ಕಣ್ಣು ಸರಿ ಇದೆಯಾ ಅಂತ ಒಳಗಿರೋರನ್ನ ಕೇಳಿದ್ರೆ, ಏನಂತಾರೆ?"

"ಹದ್ದಿನ ಕಣ್ಣು ಅಂತಾಳೆ!" ಎಂದ ಮಾವ.

ವಕೀಲರು ಉತ್ತರವನ್ನು ಮನಸ್ಸಿನಲ್ಲೇ ಮಗುಚಿದರು. ಬಟ್ಟೆ ಮಡಿಸತೊಡಗಿದರು. ಮೇಷ್ಟ್ರ ಮುಖ ನೋಡುವ ಹಾಗಿರಲಿಲ್ಲ. ಅವರ ಲೆಕ್ಕ ಮೊದಲ ಸಲ ಒಬ್ಬರ ಅನ್ನಕ್ಕೇ ಕಲ್ಲು ಹಾಕಿತ್ತು. ಮಾವ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತ.

ಬಟ್ಟೆ ಕಂಕುಳಿಗೆ ಸೇರಿಸಿದ ವಕೀಲರು ಮೇಷ್ಟ್ರ ಕೋಟಿನ ಕಾಲರು ಹಿಡಿದು ನೋಡಿ, ತಮ್ಮಷ್ಟಕ್ಕೇ ಎಂಬಂತೆ, "ಹಾಗಾದ್ರೆ ಇದನ್ನ ಹೊಲಿದಿದ್ಯಾರು?" ಎಂದರು.

ಪರದೆಯ ಹಿಂದೆ ಮಿಷಿನ್ನು ನಿಂತಿತು.

"ನಾನು" ಎಂದಳು ಅತ್ತೆ. ಪರದೆ ಸರಿಸಿ ಹೊರಗೆ ಬಂದಳು. "ಇವರ ಕಣ್ಣು ಮಂಜಾದಾಗಿಂದ ಕತ್ತರಿಸೋದು, ಹೊಲಿಯೋದು ಎಲ್ಲ ನಾನೇ. ಅಳತೆನೂ ಅಷ್ಟೇ. ಇವರು ಕೂಗ್ತಾರೆ, ನಾನು ಪರದೆ ಸಂದಿಯಿಂದ ಜನರನ್ನ ನೋಡಿ ಅಂದಾಜು ಮಾಡ್ಕೊಳ್ತೀನಿ."

"ಅಲ್ಲಮ್ಮಾ, ಮತ್ತೆ ಇಷ್ಟು ದಿನ ಹೇಳ್ಲೇ ಇಲ್ವಲ್ಲ!" ಎಂದರು ಮೇಷ್ಟ್ರು.

"ಯಾರು ಕೇಳಿದ್ರಿ? ಎಲ್ರೂ 'ಯಾವಾಗ ಕೊಡ್ತೀರಿ' ಅಂತಾನೇ ಕೇಳಿದ್ರಿ. 'ಯಾರು ಹೊಲಿಯೋದು' ಅಂತ ಒಬ್ರೂ ಕೇಳ್ಲಿಲ್ಲ."

ಡಾಕ್ಟರ ಮುಂದೆ ಮಾವ ಕೊಟ್ಟ ಮಾತು ನನಗೆ ಆಗ ನೆನಪಾಯಿತು. ಜನ್ಮದಲ್ಲಿ ಒಂದೇ ಒಂದು ನಿಜ ಹೇಳಿದ್ದ, ಅದನ್ನೂ ನಾನು ನಂಬಿರಲಿಲ್ಲ. ನಾಚಿಕೆಯಾಯಿತು.

ವಕೀಲರು ಬಟ್ಟೆಯನ್ನು ಕಂಕುಳಿಂದ ತೆಗೆದರು, ಆದರೆ ಕೆಳಗಿಡಲಿಲ್ಲ. ಮಾವನನ್ನೇ ದಿಟ್ಟಿಸಿ, "ನೀವು ಹೇಳಿ. ಇವರ ಕೈಗೆ ಕೊಡಬಹುದಾ? ಚೆನ್ನಾಗಿ ಹೊಲೀತಾರಾ?" ಎಂದರು.

ಮಾವ ಅತ್ತೆ ನಿಂತ ದಿಕ್ಕಿಗೆ ತಿರುಗಿದ.

"ಇವಳಾ? ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಇವಳಿಗೆ. ಇವಳಿಲ್ದಿದ್ರೆ ಈ ಅಂಗಡಿ ಇನ್ನೂ ಚೆನ್ನಾಗಿ ನಡೀತಿತ್ತು." ಕೊನೆಯ ಮಾತಿಗೆ ಅವನ ದನಿ ನಡುಗಿತು.

ವಕೀಲರು ಬಟ್ಟೆಯನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಮಾವನ ಬೆರಳಿಂದ ಟೇಪು ಬಿಡಿಸಿಕೊಂಡು ತನ್ನ ಕೊರಳಿಗೆ ಹಾಕಿಕೊಂಡಳು.

"ಏನತ್ತೆ, ಹೀಗಂದುಬಿಟ್ಟನಲ್ಲ ಮಾವ?" ಎಂದು ಕೆಣಕಿದೆ ನಾನು.

ಕೇಳಿದ್ದಕ್ಕೆ ಅವಳು ನಿಜವನ್ನೇ ಹೇಳಬೇಕಲ್ಲ. "ಮದುವೆ ಆದಾಗಿಂದ" ಎಂದಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಇವರು ನನ್ನ ಹೊಗಳಿದ್ದು ಇದೇ ಮೊದಲು."