ಲೆಫ್ಟ್ ಔಟ್ ರಾಯಪ್ಪನವರ ಆಟೋಗ್ರಾಫ್

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆಬ್ಬಾಳದಿಂದ ಯಶವಂತಪುರಕ್ಕೆ ಹೋಗುವ ದಾರಿಯಲ್ಲಿ ಮನೆಗಳಿಗಿಂತ ರಾಗಿ ಹೊಲಗಳೇ ಹೆಚ್ಚಿದ್ದ ಕಾಲ. ಭಾನುವಾರ ಮಧ್ಯಾಹ್ನದ ಊಟ ಮುಗಿದದ್ದೇ ತಡ, ಅಪ್ಪ ಸೈಕಲ್ಲಿನ ಮುಂದಿನ ಕಂಬಿಗೆ ಹಳೇ ಟವೆಲ್ ಸುತ್ತುತ್ತಿದ್ದರು. ಅದರ ಮೇಲೆ ನಾನು. ನಾವು ಹೋಗುತ್ತಿದ್ದದ್ದು ಯಶವಂತಪುರದಾಚೆಯ ಹಾಕಿ ಮೈದಾನಕ್ಕೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪನಿಗೆ ಹಾಕಿ ಎಂದರೆ ಹುಚ್ಚು. ನನಗಿದ್ದದ್ದು ಆಟೋಗ್ರಾಫ್ ಹುಚ್ಚು.

ನನಗಾಗ ಹನ್ನೊಂದು ವರ್ಷ. ಒಂದು ಕಡೆ ಕೂರುವ ಜೀವವೇ ಅಲ್ಲ. ಅಂಡು ಸುಟ್ಟ ಬೆಕ್ಕು ಎಂದು ಅಮ್ಮ ಬೈಯುತ್ತಿದ್ದಳು. ಆಟ ಶುರುವಾದರೆ ಅಪ್ಪ ಸುಣ್ಣದ ಗೆರೆಯ ಪಕ್ಕ ಅಲುಗಾಡದೆ ನಿಲ್ಲುತ್ತಿದ್ದರು. ನಾನು ಮಾತ್ರ ಒಂದು ಗೋಲಿನ ಹಿಂದಿನಿಂದ ಇನ್ನೊಂದು ಗೋಲಿನ ಹಿಂದಕ್ಕೆ, ಅಲ್ಲಿಂದ ಬೇಯಿಸಿದ ಕಡಲೆಕಾಯಿ ಮಾರುವವಳ ಹತ್ತಿರಕ್ಕೆ, ಕೊನೆಗೆ ಹೊಂಗೆ ಮರದ ಕೆಳಗಿನ ಬೆಂಚಿಗೆ ಓಡಾಡುತ್ತಲೇ ಇರುತ್ತಿದ್ದೆ. ಆ ಬೆಂಚಿನ ಮೇಲೆ ಆಟ ಬಿಟ್ಟ ಹಳಬರು ಕೂರುತ್ತಿದ್ದರು. ಸ್ಟಿಕ್ಕುಗಳಿಗೆ ಸವರಿದ ಅಗಸೆ ಎಣ್ಣೆಯ ವಾಸನೆ, ಬೀಡಿ ಹೊಗೆ, ಕೆಮ್ಮಣ್ಣಿನ ಧೂಳು ಎಲ್ಲ ಅಲ್ಲಿ ಒಟ್ಟಿಗೆ ಮೂಗಿಗೆ ಬರುತ್ತಿತ್ತು.

ನನ್ನ ಹತ್ತಿರ ಬಣ್ಣಬಣ್ಣದ ಹಾಳೆಗಳ ಪುಟ್ಟ ಪುಸ್ತಕವಿತ್ತು. ಸೋದರಮಾವನ ಮಗಳು ನಾಗರತ್ನಳ ಹತ್ತಿರವೂ ಅಂಥದೇ ಒಂದಿತ್ತು. ಅವಳೂ ನಾನೂ ಒಂದೇ ಕ್ಲಾಸು, ಮಾವನ ಜೊತೆ ಅವಳೂ ಮೈದಾನಕ್ಕೆ ಬರುತ್ತಿದ್ದಳು. ಬೆಂಚಿನ ಮೇಲಿನ ಹಳಬರೆಲ್ಲರ ಸಹಿ ನಮ್ಮಿಬ್ಬರಿಗೂ ಸಿಕ್ಕಿತ್ತು, ಒಬ್ಬರದನ್ನು ಬಿಟ್ಟು. ಅವರು ಮೈದಾನದ ಎಡತುದಿಯಲ್ಲಿ ಆಡುತ್ತಿದ್ದ ಲೆಫ್ಟ್ ಔಟ್ ರಾಯಪ್ಪನವರು. ತಾವು ಕೆಲಸಕ್ಕಿದ್ದ ಬಟ್ಟೆ ಗಿರಣಿಯ ತಂಡಕ್ಕೂ ಮೈಸೂರು ರಾಜ್ಯದ ತಂಡಕ್ಕೂ ಆಡಿದ್ದವರು. ಅವರು ಎಡಗೆರೆಯುದ್ದಕ್ಕೂ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಓಡುತ್ತಿದ್ದರೆಂದು ಅಪ್ಪ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ಪುಸ್ತಕ ಚಾಚಿದರೆ ರಾಯಪ್ಪನವರು ನಕ್ಕು, ಆಮೇಲೆ ನೋಡೋಣ ಎಂದು ತಲೆ ಸವರಿ ಎದ್ದು ಹೋಗುತ್ತಿದ್ದರು. ಮೂರು ಭಾನುವಾರ ಹಾಗೇ ಆಯಿತು.

ನನಗೆ ತಡೆಯಲಾಗಲಿಲ್ಲ. ನಾಗರತ್ನಳಿಗೆ ಮೊದಲು ಸಿಕ್ಕಿಬಿಟ್ಟರೆ ಎಂಬ ಯೋಚನೆಗೆ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ. ಒಂದು ಶನಿವಾರ ಸ್ಕೂಲಿಂದ ಬಂದವಳೇ ಅಪ್ಪನ ಪೆನ್ನು ತೆಗೆದುಕೊಂಡು ಹಿತ್ತಲಿಗೆ ಹೋದೆ. ತಿಳಿಹಳದಿ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಅವರ ಹೆಸರು ಬರೆದೆ. ಮೊದಲ ಅಕ್ಷರಕ್ಕೆ ಉದ್ದನೆಯ ಬಾಲ ಎಳೆದು, ಕೆಳಗೆ ಎರಡು ಗೆರೆ ಹಾಕಿದೆ. ಸೋಮವಾರ ಅದನ್ನು ನೋಡಿದ ನಾಗರತ್ನ ಮಧ್ಯಾಹ್ನ ಬುತ್ತಿ ಬಿಚ್ಚಲೇ ಇಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಸಂಜೆಯೇ ಪುಸ್ತಕ ಅಪ್ಪನ ಕೈಗೆ ಸಿಕ್ಕಿತು. ಅವರು ಆ ಹಾಳೆಯನ್ನು ದೀಪದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಅಷ್ಟು ದೊಡ್ಡ ಆಟಗಾರ ನನ್ನ ಮಗಳಿಗೆ ಬರೆದುಕೊಟ್ಟರಲ್ಲ ಎಂದು ಅಮ್ಮನಿಗೆ ತೋರಿಸಿದರು, ಪಕ್ಕದ ಮನೆಯವರಿಗೂ ತೋರಿಸಿದರು. ಭಾನುವಾರ ಹೋದಾಗ ಥ್ಯಾಂಕ್ಸ್ ಹೇಳಿಯೇ ಬರಬೇಕು ಎಂದರು. ಆ ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಜ್ವರ ಬರಲಿ ಎಂದು ಬಿಸಿಲಲ್ಲಿ ನಿಂತೆ. ಸೈಕಲ್ಲಿನ ಗಾಳಿ ಬಿಟ್ಟೆ, ಅಪ್ಪ ಪಂಪು ತಂದು ಮತ್ತೆ ಗಾಳಿ ಹೊಡೆದರು. ಜ್ವರವೂ ಬರಲಿಲ್ಲ, ಮಳೆಯೂ ಬರಲಿಲ್ಲ.

ಭಾನುವಾರ ಅಪ್ಪ ನನ್ನ ಕೈ ಹಿಡಿದುಕೊಂಡೇ ಬೆಂಚಿನ ಮುಂದೆ ನಿಂತರು. ಪುಸ್ತಕ ಬಿಡಿಸಿ, "ರಾಯಪ್ಪನವರೇ, ಮಗೂಗೆ ಸಹಿ ಹಾಕ್ಕೊಟ್ರಂತೆ. ದೊಡ್ಡ ಉಪಕಾರ ಆಯ್ತು" ಎಂದರು. ರಾಯಪ್ಪನವರು ಹಾಳೆ ನೋಡಿದರು, ನನ್ನನ್ನು ನೋಡಿದರು. ನಾನು ಕಾಲಬೆರಳಿನಿಂದ ಮಣ್ಣು ಕೆದಕುತ್ತಾ ನಿಂತಿದ್ದೆ.

"ಹೂಂ ಸಾರ್. ನಾನೇ ಹಾಕ್ಕೊಟ್ಟಿದ್ದು. ಒಳ್ಳೆ ಮಗು" ಎಂದರು ಅವರು.

ಅಷ್ಟರಲ್ಲಿ ಆಟ ಶುರುವಾಗುವ ಶಿಳ್ಳೆ ಕೇಳಿಸಿತು. ಅಪ್ಪ ಸಂತೋಷದಿಂದ ಗೆರೆಯ ಕಡೆ ಓಡಿದರು. ನಾನೂ ಓಡಬೇಕೆಂದಿದ್ದೆ, ಆದರೆ ಪುಸ್ತಕ ಇನ್ನೂ ರಾಯಪ್ಪನವರ ಕೈಯಲ್ಲೇ ಇತ್ತು. ಪಕ್ಕದಲ್ಲಿ ಕೂರುವಂತೆ ಸನ್ನೆ ಮಾಡಿದರು.

"ಇದ್ರಲ್ಲಿ ಏನಂತ ಬರ್ದಿದ್ದೀಯ, ಓದು ತಾಯಿ."

ಓದಿದೆ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ಬೆಂಚಿನ ಮೇಲಿದ್ದ ಉಳಿದವರಿಗೆ ಕೇಳಿಸದಂತೆ ಹೇಳಿದರು: "ನಂಗೆ ಅಕ್ಷರ ಬರಾಕಿಲ್ಲ. ಗಿರಣೀಲೂ ಹೆಬ್ಬೆಟ್ಟೇ. ಅದ್ಕೇ ಮಕ್ಳು ಬುಕ್ಕು ತಂದ್ರೆ ಎದ್ದೋಗ್ತಿದ್ದೆ. ನನ್ ಹೆಸ್ರು ಇಂಗಿರ್ತೈತೆ ಅಂತ ಇವತ್ತೇ ನೋಡಿದ್ದು."

 ತಪ್ಪಾಯ್ತು ಎನ್ನಲು ಬಾಯಿ ತೆರೆದೆ. ಅವರಿಗೆ ಅದು ಬೇಕಿರಲಿಲ್ಲ.

"ಚೆನ್ನಾಗೈತೆ. ನಂಗೂ ಕಲಿಸ್ಕೊಡ್ತೀಯಾ?"

ಆ ದಿನ ನಾನು ಇಡೀ ಆಟ ಮುಗಿಯುವವರೆಗೆ ಒಂದೇ ಕಡೆ ಕೂತಿದ್ದೆ. ಅವರನ್ನು ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ಮಣ್ಣು ಸಮ ಮಾಡಿ, ಕಡ್ಡಿಯಲ್ಲಿ ಒಂದೊಂದೇ ಅಕ್ಷರ ಬರೆದು ತೋರಿಸಿದೆ. ಚೆಂಡನ್ನು ಹೇಳಿದ ಕಡೆಗೆ ಓಡಿಸುತ್ತಿದ್ದ ಆ ಗಂಟು ಬೆರಳುಗಳಲ್ಲಿ ಕಡ್ಡಿ ಜಾರುತ್ತಿತ್ತು. ತಿದ್ದಿ ತಿದ್ದಿ ಅವರ ಹಣೆ ಬೆವರಿತು. ಮುಂದಿನ ಭಾನುವಾರಗಳಲ್ಲಿ ಕಡ್ಡಿ ಹೋಗಿ ಪೆನ್ಸಿಲ್ ಬಂತು. ಬಾಲ ಮಾತ್ರ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಅದೇ ಚೆಂದವಂತೆ.

ಆ ವರ್ಷದ ಕೊನೆಯ ಆಟದ ದಿನ ಹಳಬರೂ ಸ್ವಲ್ಪ ಹೊತ್ತು ಮೈದಾನಕ್ಕಿಳಿದರು. ರಾಯಪ್ಪನವರು ಒಮ್ಮೆ ಎಡಗೆರೆಯಲ್ಲಿ ಓಡಿ, ಅರ್ಧಕ್ಕೇ ಮಂಡಿ ಹಿಡಿದು ನಿಂತರು. ಜನ ಚಪ್ಪಾಳೆ ತಟ್ಟಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮಕ್ಕಳು ಮುತ್ತಿಕೊಂಡವು. ಅವರು ಎದ್ದು ಹೋಗಲಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ನಾಲಗೆ ಕಚ್ಚಿ, ನಿಧಾನವಾಗಿ ಬರೆದರು. ಮೊದಲು ಬರೆದದ್ದು ನಾಗರತ್ನಳಿಗೆ. ಅವಳು ನನ್ನ ಪುಸ್ತಕ ಕಿತ್ತುಕೊಂಡು ಎರಡನ್ನೂ ಹೋಲಿಸಿ ನೋಡಿ, ಒಂದೇ ಥರ ಇದೆ ಎಂದು ಒಪ್ಪಿಕೊಂಡಳು.

ಜನ ಕರಗಿದ ಮೇಲೆ ನಾನೂ ಖಾಲಿ ಹಾಳೆ ಬಿಡಿಸಿ ಮುಂದೆ ಹಿಡಿದೆ. ರಾಯಪ್ಪನವರು ನಕ್ಕರು.

"ನಿನ್ ಪುಸ್ತಕದಾಗೆ ಆಗ್ಲೇ ಐತಲ್ಲ ತಾಯಿ."

ಅದು ತಮಾಷೆಯೋ ಶಿಕ್ಷೆಯೋ ನನಗೆ ಇಂದಿಗೂ ಗೊತ್ತಾಗಿಲ್ಲ. ಮುಂದಿನ ವರ್ಷ ಕೇಳೋಣ ಎಂದುಕೊಂಡೆ. ಮುಂದಿನ ವರ್ಷ ಅವರು ಬರಲಿಲ್ಲ. ಮಗಳ ಊರಿಗೆ ಹೋದರೆಂದು ಬೆಂಚಿನವರು ಹೇಳಿದರು.

ಈಗ ಅಲ್ಲಿ ಮೈದಾನವಿಲ್ಲ. ಮೊದಲು ಗೋದಾಮು ಬಂತು, ಆಮೇಲೆ ಎತ್ತರದ ಮನೆಗಳು ಎದ್ದವು. ಎಡಗೆರೆ ಎಲ್ಲಿತ್ತೆಂದು ತೋರಿಸಲು ನನಗೂ ಆಗುವುದಿಲ್ಲ. ಬಂದುಹೋದವರಿಗೆಲ್ಲ ಅಪ್ಪ ಆ ಹಾಳೆಯನ್ನು ಕೊನೆಯವರೆಗೂ ತೋರಿಸುತ್ತಿದ್ದರು. ಪ್ರತಿ ಸಲವೂ ನಾನು ಕಾಫಿ ತರುವ ನೆವ ಮಾಡಿ ಒಳಗೆ ಹೋಗುತ್ತಿದ್ದೆ. ನಿಜ ಹೇಳಿದ್ದರೆ ಅಪ್ಪ ನಗುತ್ತಿದ್ದರು, ರಾಯಪ್ಪನವರ ಮೇಲಿನ ಅಭಿಮಾನ ಇನ್ನಷ್ಟು ಹೆಚ್ಚುತ್ತಿತ್ತು. ಇದು ನನಗೆ ಹೊಳೆದದ್ದು ಅಪ್ಪ ಹೋದ ಮೇಲೆ.