ಅಲುಗಿದ ಗೆರೆ

ಹಗರಿಬೊಮ್ಮನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಗಣಿತಕ್ಕೆ ಅತಿಥಿ ಉಪನ್ಯಾಸಕರು ಬೇಕಂತೆ ಎಂದು ಗೊತ್ತಾದಾಗ ನನ್ನ ಮಗಳಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ. ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ನಾನು ಚಾಕ್‌ಪೀಸ್ ಮುಟ್ಟಿರಲಿಲ್ಲ. ಹೋಗುವುದೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದರೆ, ಅತ್ತೆಯೇ ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿದರು.

“ನಾನೂ ಬರ್ತೀನಿ ನಡಿಯವ್ವ. ನೀ ಒಳಗ ಪಾಠ ಮಾಡು, ಕೂಸು ನನ್ನ ಹತ್ರ ಇರತೈತಿ.”

ಬಸ್ಸಿನಲ್ಲಿ ಹಳೆಯ ಸೂತ್ರಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೂತೆ. ಓದಿದ್ದೆಲ್ಲ ಮರೆತುಹೋಗಿದ್ದರೆ? ಮಕ್ಕಳು ನಕ್ಕರೆ? ಕಾಲೇಜಿನ ಬೇವಿನ ಮರದ ಕೆಳಗೆ ಅತ್ತೆಯನ್ನೂ ಮಗಳನ್ನೂ ಕೂರಿಸಿ ಒಳಗೆ ಹೋದೆ. ಪ್ರಾಂಶುಪಾಲರು ನನ್ನನ್ನು ನೇರವಾಗಿ ತರಗತಿಗೆ ಕರೆದೊಯ್ದು, ಒಂದು ಪಾಠ ಮಾಡಿ ತೋರಿಸಿರೆಂದು ಹಿಂದಿನ ಬೆಂಚಿನಲ್ಲಿ ಕುಳಿತರು.

“(1, 2) ಮತ್ತು (13, 10), ಇವೆರಡನ್ನ ಕೂಡಿಸೋ ಗೆರಿ ತಗೋರಿ. ಅದರ ಮ್ಯಾಲೆ ಪೂರ್ಣಾಂಕದ ಬಿಂದು ಎಷ್ಟು ಅದಾವು? ಮಕ್ಕಳಿಗೆ ತಿಳಿಯೋಹಂಗ ಹೇಳ್ರಿ.”

ಚೌಕಗಳಿದ್ದ ಬೋರ್ಡಿನ ಮೇಲೆ ಎರಡು ಬಿಂದು ಗುರುತಿಸಿ ಗೆರೆ ಎಳೆದೆ. ಸ್ಕೇಲ್ ಇಲ್ಲದೆ ಎಳೆದದ್ದಕ್ಕೆ ಗೆರೆ ಅಲುಗಿತು. ಅಷ್ಟರಲ್ಲಿ ಹೊರಗೆ ಮಗಳು ಅಳುವುದು ಕೇಳಿಸಿತು. ಹಸಿವಿನ ಅಳು, ನನಗೆ ಗೊತ್ತಾಗುತ್ತದೆ. ಹಾಲು ತುಂಬಿ ಎದೆ ಬಿಗಿಯಿತು. ಸೆರಗನ್ನು ಸರಿಪಡಿಸಿಕೊಂಡು, “ಎರಡೂ ಅಂಕಿ ಪೂರ್ಣಾಂಕವಾಗಿರೋ ಬಿಂದು ಯಾವ್ಯಾವು ಕಾಣಿಸ್ತಾವ?” ಎಂದು ಕೇಳಿದೆ.

ಕಿಟಕಿಯ ಪಕ್ಕದ ಹುಡುಗಿ ಎದ್ದಳು. “ಮೇಡಂ, (5, 5) ಐತ್ರಿ. ಗೆರಿ ಅದರ ಮ್ಯಾಲೇ ಹೋಗೈತಲ್ರಿ.”

ಬೋರ್ಡ್ ನೋಡಿದೆ. ಹೌದು, ನಾನು ಎಳೆದ ಗೆರೆ ಅಲ್ಲೇ ಹಾದುಹೋಗಿತ್ತು. ಒಂದು ಕ್ಷಣ ನನಗೇ ಅನುಮಾನ ಬಂತು. ಹಿಂದೆ ಪ್ರಾಂಶುಪಾಲರು ಪೆನ್ನಿನ ಮುಚ್ಚಳ ತೆಗೆದು ಹಾಕುವ ಸದ್ದು. ಹೊರಗೆ ಅಳು ಜೋರಾಯಿತು.

“ನನ್ನ ಗೆರಿ ನಂಬಬ್ಯಾಡ, ಅದು ಡೊಂಕಾಗೈತಿ,” ಎಂದೆ. ಮಕ್ಕಳು ನಕ್ಕರು. ಆ ನಗು ಯಾಕೋ ನನ್ನ ಉಸಿರನ್ನು ಸ್ವಲ್ಪ ಸಡಿಲ ಮಾಡಿತು. “ಲೆಕ್ಕ ಮಾಡೋಣ. ಈ ತುದಿಯಿಂದ ಆ ತುದಿಗೆ ಬಲಕ್ಕ ಎಷ್ಟು ಹೋಗಬೇಕು?”

“ಹನ್ನೆರಡು.”

“ಮ್ಯಾಲಕ್ಕ?”

“ಎಂಟು.”

“ಎರಡನ್ನೂ ಭಾಗಿಸೋ ದೊಡ್ಡ ಸಂಖ್ಯೆ?”

“ನಾಲ್ಕು,” ಎಂದಳು ಅದೇ ಹುಡುಗಿ.

ಹಾಗಾದರೆ ಎರಡನ್ನೂ ನಾಲ್ಕರಿಂದ ಭಾಗಿಸಿದರೆ ಒಂದು ಹೆಜ್ಜೆಗೆ ಮೂರು ಮನೆ ಬಲಕ್ಕೆ, ಎರಡು ಮನೆ ಮೇಲಕ್ಕೆ. ಅದಕ್ಕಿಂತ ಚಿಕ್ಕ ಹೆಜ್ಜೆಯಲ್ಲಿ ಪೂರ್ಣಾಂಕ ಸಿಗುವುದಿಲ್ಲ ಎಂದು ವಿವರಿಸಿದೆ. ಅಡ್ಡಸಾಲಿನ ಐದಕ್ಕೆ ಬಂದಾಗ ಗೆರೆಯ ಎತ್ತರ ಐದಕ್ಕೆ ಮುಟ್ಟದೆ ಸ್ವಲ್ಪ ಕೆಳಗೇ ಉಳಿಯುತ್ತದೆ ಎಂದು ಭಾಗಾಕಾರ ಮಾಡಿ ತೋರಿಸಿದೆ. ಹುಡುಗಿ ತಾನೇ ಬೋರ್ಡಿಗೆ ಬಂದು (1, 2), (4, 4), (7, 6), (10, 8), (13, 10) ಎಂದು ಚುಕ್ಕಿ ಇಟ್ಟಳು. ಹೆಜ್ಜೆ ನಾಲ್ಕು, ಬಿಂದು ಐದು. ಹೊರಟ ಜಾಗವನ್ನೂ ಎಣಿಸಬೇಕೆಂದು ಅವಳೇ ಉಳಿದವರಿಗೆ ಹೇಳಿದಳು.

ಹೊರಗೆ ಬಂದಾಗ ಪ್ರಾಂಶುಪಾಲರು ಕೇಳಿದರು: “ಅಳೋ ಕೂಸು ನಿಮ್ಮದಾ? ದಿನಾ ಕೊಟ್ಟೂರಿಂದ ಹೆಂಗ ಬರ್ತೀರಿ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದೇಬಿಟ್ಟರು. “ಯಾಕ್ರಿ ಸರ್, ನಾನು ಅದೀನಲ್ರಿ. ಪಾಠ ಹೆಂಗ ಮಾಡಿದ್ಲು, ಅದನ್ನ ಹೇಳ್ರಿ.”

ಅವರು ನಕ್ಕರು. “ಪಾಠ ಚಲೋ ಮಾಡಿದ್ರಮ್ಮ. ಗೆರಿ ಮಾತ್ರ ಸ್ಕೇಲ್ ಇಟ್ಟು ಎಳೀರಿ ಅಂತ ಹೇಳ್ರಿ. ತಿಳಿಸ್ತೀವಿ.”

ತಿಳಿಸುತ್ತೇವೆ ಎಂದವರು ಬೇಗ ತಿಳಿಸಲಿಲ್ಲ. ಫೋನ್ ಸದ್ದಾದಾಗಲೆಲ್ಲ ಒಲೆಯ ಮುಂದಿನಿಂದ ಎದ್ದು ಓಡುತ್ತಿದ್ದೆ. ಇನ್ನು ಬರುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಾಗ ಕರೆ ಬಂತು. ಸೋಮವಾರದಿಂದ ಬರಬೇಕಂತೆ. ಅತ್ತೆ ಮಗಳ ಬಾಯಿಗೆ ಸಕ್ಕರೆ ಹಾಕಿದರು. ನಾನು ಖುಷಿಪಡುವುದನ್ನು ಬಿಟ್ಟು, ಅವಳು ಬಾಟಲಿ ಹಾಲು ಕುಡಿಯುತ್ತಾಳೋ ಇಲ್ಲವೋ ಎಂದು ಅತ್ತೆಯನ್ನು ಕೇಳುತ್ತಾ ಕೂತೆ.